ಅಳಿವೆಯ ದಾರಿ ಮುಚ್ಚಿದ ನೀಲಿ ಬಿಲ್ಲೆ

ಕಡಲ ಸಂರಕ್ಷಿತ ವಲಯದ ಮಾನ್ಯ ಅಧಿಕಾರಿಗಳೇ,

ನನಗೆ ಭಯವಾಗುತ್ತಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು. ನೀವು ಎಳೆದ ಗಡಿಯಿಂದಾಗಿ ನನ್ನ ಅಳಿಯ ಸಾಬೀರ್ ಪುಟ್ಟ ನಾಡದೋಣಿಯಲ್ಲಿ ನಡುಗಡಲಲ್ಲಿ ಸುತ್ತಿ ಹೋಗುತ್ತಿದ್ದಾನೆ. ಆ ಗಡಿ ತಪ್ಪು. ತಪ್ಪು ಮಾಡಿದವಳು ನಾನೇ.

ನಾನು ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವವಳು. ಕಳೆದ ವರ್ಷ ನಿಮ್ಮ ಕಚೇರಿ ಸಾರ್ವಜನಿಕ ಸಭೆಯಲ್ಲಿಡಲು ವಲಯದ ಮರದ ಮಾದರಿ ಕೇಳಿತು. ಮಗಳು ನಿಖಾತ್‌ಳನ್ನು ಆ ವಲಯದ ಪಕ್ಕದ ಮೀನುಗಾರರ ಊರಿಗೇ ಕೊಟ್ಟಿದ್ದೇನಲ್ಲ, ಹೆಮ್ಮೆಯಿಂದ ಒಪ್ಪಿಕೊಂಡೆ. ನೀವು ಕೊಟ್ಟ ನಕ್ಷೆಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಗಡಿ ಒಳಕ್ಕೆ ಬಾಗಿ, ಸಣ್ಣ ದೋಣಿಗಳಿಗೆ ದಾರಿ ಬಿಟ್ಟಿತ್ತು. ಆದರೆ ಮರ ತಿರುಗಿಸಿ ಕಡೆಯುವ ಲೇತಿನಲ್ಲಿ ಬರುವುದೆಲ್ಲ ದುಂಡಗೆ. ವಲಯವೆಂದು ಕಡೆದು ನೀಲಿ ಅರಗು ಹಿಡಿಸಿದ ಬಿಲ್ಲೆಗೆ ಆಮೇಲೆ ಆ ಬಾಗು ತೆಗೆಯಲು ಉಳಿ ಹಾಕಿದರೆ ಅರಗು ಚಕ್ಕೆ ಏಳುತ್ತದೆ. ಪಕ್ಕದ ಲೇತಿನ ಅಂಕಯ್ಯ, "ಬುಡಕ್ಕ, ಒಸಿ ದುಂಡಗಿದ್ರೇನು? ಸಮುದ್ರನ ಯಾರು ಟೇಪಲ್ಲಿ ಅಳೀತಾರೆ? ನೋಡೋಕೆ ಚೆಂದಾಗೈತೆ" ಅಂದ. ನಾನೂ ಹಾಗೇ ಬಿಟ್ಟೆ.

ಅಳೆದವರು ನೀವು! ಸಭೆಯಲ್ಲಿ ಮೀನುಗಾರರು ಅದನ್ನು ಬೊಂಬೆಯೆಂದು ನೋಡಿ ಸುಮ್ಮನಾದರು, ನೀವು ಅದನ್ನೇ ಗಡಿಯೆಂದು ಅಂತಿಮ ನಕ್ಷೆಗೆ ಇಳಿಸಿದಿರಿ. ಫೋನ್ ಮಾಡಿ ತಪ್ಪೊಪ್ಪಿಕೊಂಡರೆ ನಿಮ್ಮ ಗುಮಾಸ್ತರು, "ನೋಡಿಯಮ್ಮ, ಅದು ಸಭೆ ಒಪ್ಪಿದ ಗಡಿ. ಬದಲಾಯಿಸೋಕಾಗಲ್ಲ" ಅಂದರು. ಆಹಾ, ಎಂಥ ನಿಷ್ಠೆ! ದುಂಡಗಾದದ್ದರಿಂದ ವಲಯ ದೊಡ್ಡದಾಯಿತು, ವರದಿಯಲ್ಲಿ ಲಾಭವೂ ದೊಡ್ಡದಾಯಿತು. ಇನ್ನು ಸರಿಮಾಡಲು ಯಾರಿಗೆ ಮನಸ್ಸು ಬಂದೀತು?

ಆ ವರದಿ ನಾನೂ ಓದಿದೆ. ಐದು ವರ್ಷದಲ್ಲಿ ಮೀನು ಹೆಚ್ಚುತ್ತದಂತೆ, ಪ್ರವಾಸಿಗರು ಬರುತ್ತಾರಂತೆ. ಬರಲಿ. ಕಡಲನ್ನು ಕಾಯಬೇಡಿ ಎನ್ನುವಷ್ಟು ದಡ್ಡಿಯಲ್ಲ ನಾನು. ಬೊಂಬೆಗೆ ಬೇಕಾದ ಆಲೆಮರವನ್ನೆಲ್ಲ ಈ ವರ್ಷವೇ ಕಡಿದರೆ ಮುಂದಿನ ವರ್ಷ ನಮ್ಮ ಲೇತಿಗೆ ಏನು ಕೊಡುವುದು? ಆದರೆ ಖರ್ಚಿನ ಪಟ್ಟಿಯಲ್ಲಿ ಕಾವಲು ದೋಣಿ, ಬೋರ್ಡು, ನಿಮ್ಮ ಜೀಪು ಎಲ್ಲವೂ ಇವೆ. ಗಡಿಯೊಳಗೆ ಹಾದರೆ ದೋಣಿ ಜಪ್ತಿಯಾಗುತ್ತದೆಂದು ಹೆದರಿ ಸುತ್ತಿ ಹೋಗುವವನ ಎಂಜಿನ್ನು ಕುಡಿಯುವ ಸೀಮೆಎಣ್ಣೆ ಎಲ್ಲಿದೆ? ಅವನ ಜೀವ ಯಾವ ಸಾಲಿನಲ್ಲಿದೆ? ನಾಳೆ ಎಲ್ಲರಿಗೂ ಸಿಗುವ ಲಾಭಕ್ಕೆ ಇವತ್ತು ಅವನೊಬ್ಬನೇ ಮೈಯೊಡ್ಡಬೇಕೆಂದು ಯಾವ ಅರ್ಥಶಾಸ್ತ್ರ ಹೇಳುತ್ತದೆ, ಸ್ವಾಮಿ?

ಹೋದ ವಾರ ಮಗಳ ಮನೆಗೆ ಹೋಗಿದ್ದೆ. ಸಾಬೀರನೂ ಅವನ ತಮ್ಮ ಅಸ್ಗರನೂ ಮೊದಲಿಂದ ಒಂದೇ ದೋಣಿಯಲ್ಲಿ ಹೋಗುತ್ತಿದ್ದವರು. ಈಗ ಒಬ್ಬ ಹೋದರೆ ಇನ್ನೊಬ್ಬ ದಡದಲ್ಲಿ ಉಳಿಯುತ್ತಾನೆ. ಜಗಳವಾಡಿಕೊಂಡರೇನೇ ಎಂದು ಕೇಳಿದೆ. ನಿಖಾತ್ ಮೀನು ಹಸನು ಮಾಡುತ್ತ, ತಲೆಯೆತ್ತದೆ ಹೇಳಿದಳು: "ಜಗಳ ಏನಿಲ್ಲ ಅಮ್ಮೀ. ಮನೆಗೆ ಒಬ್ಬನಾದ್ರೂ ಉಳೀಲಿ ಅಂತ."

ಮಗಳು ಅದನ್ನು ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು.

ಮಳೆಗಾಲಕ್ಕೆ ಇನ್ನು ಮೂರೇ ವಾರ. ಅಳಿವೆಯ ದಾರಿ ಬಿಡಿ. ದಂಡ ಹಾಕುವುದಿದ್ದರೆ ನನಗೆ ಹಾಕಿ, ಜೈಲಿಗೆ ಕಳಿಸುವುದಿದ್ದರೆ ಕಳಿಸಿ, ಬುರ್ಖಾ ತೊಟ್ಟು ಬಾಗಿಲಲ್ಲೇ ಕಾದಿರುತ್ತೇನೆ. ಕಡತ ಮೇಲಕ್ಕೆ ಹೋಗಿ ಕೆಳಕ್ಕೆ ಬರುವವರೆಗೆ ಕಾಯಿರಿ ಎಂದು ಮಾತ್ರ ಹೇಳಬೇಡಿ. ನಾಳೆ ಸಾಬೀರನ ಸರದಿ.

ಇಂತಿ,
ಫೋನು ಬಂದರೂ ಬಾರದಿದ್ದರೂ ನಡುಗುವ,
ಗುಲ್ಜಾರ್ ಬೀ
ಚನ್ನಪಟ್ಟಣ