ತಾಯಿಯ ಸಾಲಿನಲ್ಲಿ ಮೂಡದ ಗೆರೆ

ಅಕ್ಕಾ,

ಚಳಿಗೆ ಮೂಗು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ, ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ. ನಮ್ಮ ಲ್ಯಾಬಿನಲ್ಲಿ ಹೊಟ್ಟೆಚೀಲದಲ್ಲಿ ಮರಿ ಸಾಕುವ, ಇಲಿಯಷ್ಟೇ ಗಾತ್ರದ ಒಂದು ಪ್ರಾಣಿ ಇದೆ. ನಿನ್ನ ಥೈರಾಯ್ಡ್ ಮಾತ್ರೆಯಲ್ಲಿರುವ ಹಾರ್ಮೋನನ್ನು ರಕ್ತದಲ್ಲಿ ಹೊತ್ತು ತಿರುಗುವ ಒಂದು ಪ್ರೋಟೀನನ್ನು ಅದರಲ್ಲಿ ಹುಡುಕುವುದು ನನ್ನ ಕೆಲಸ. ಒಂದೊಂದು ಪ್ರಾಣಿಯ ರಕ್ತವನ್ನು ಒಂದೊಂದು ಸಾಲಿನಲ್ಲಿ ಹರಿಸುವ ಜೆಲ್ ಎಂಬ ಲೋಳೆಹಾಳೆಯ ಮೇಲೆ, ಅದು ಇದ್ದರೆ ನೀಲಿ ಗೆರೆ ಮೂಡುತ್ತದೆ.

ಮೊನ್ನೆ ಮರಿಯ ಸಾಲಿನಲ್ಲಿ ಗೆರೆ ಢಾಳಾಗಿ ಮೂಡಿತು, ತಾಯಿಯ ಸಾಲು ಖಾಲಿ. ಮರಿಯಲ್ಲಿರುವುದು ತಾಯಿಯಲ್ಲಿ ಇರಲೇಬೇಕಲ್ಲ? ನಾನೇ ಕೆಡಿಸಿದೆನೆಂದು ಮೂರು ಸಲ ಮತ್ತೆ ಮಾಡಿದೆ. ಲ್ಯಾಬಿನವರೆಲ್ಲ ಅಜ್ಜಿ ಎಂದು ಕರೆಯುವ ಹಿರಿಯ ವಿಜ್ಞಾನಿ ನೋಡಿ ನಕ್ಕರು: "ನೀನೇನೂ ಕೆಡಿಸಿಲ್ಲಮ್ಮಾ. ಚೀಲದ ಮರಿ ಬೆಳೀಬೇಕಲ್ಲ, ಅದಕ್ಕೆ ಹಾರ್ಮೋನು ಹೊರೋ ಈ ಹಮಾಲ ಬೇಕು. ದೊಡ್ಡದಾದ್ಮೇಲೆ ರಕ್ತದಲ್ಲಿ ಇವನಿಗೆ ಕೆಲಸ ಇಲ್ಲ."

ಇದರ ನೆಂಟ ಕಾಂಗರೂಗಳ ಕಡೆ ಮಾತ್ರ ಅವನು ದೊಡ್ಡವಕ್ಕೂ ಹೊರುತ್ತಾನಂತೆ. ಕೋಟಿಗಟ್ಟಲೆ ವರ್ಷಗಳಲ್ಲಿ ಒಂದೇ ಹೊರೆಗೆ ಒಂದೊಂದು ಮನೆತನ ಒಂದೊಂದು ಏರ್ಪಾಡು ಮಾಡಿಕೊಂಡಿದೆ! ಖಾಲಿ ಸಾಲಿಗೆ ಕೈಮುಗಿಯಬೇಕೆನಿಸಿತು.

ಭಾವ ಫೋನಿನಲ್ಲಿ ಅಲವತ್ತುಕೊಂಡರು: "ಹುಷಾರಾಗಿದ್ದೀನಿ ಅಂತ ಮಾತ್ರೆ ಬಿಟ್ಟಿದ್ದಾಳೆ ನೋಡು." ನನ್ನ ಫೋನನ್ನಂತೂ ನೀನು ಅರ್ಧಕ್ಕೇ ಕತ್ತರಿಸುತ್ತೀ. ಈ ಅಂಚೆ ಕಾರ್ಡಾದರೆ ನಿನ್ನ ಅತ್ತೆಯಿಂದ ಹಿಡಿದು ಅಂಚೆಯಣ್ಣನವರೆಗೆ ಎಲ್ಲರೂ ಓದುತ್ತಾರೆ, ಓದಲಿ. ನೀನು ಹುಷಾರಾಗಿರಬಹುದು ಮಹಾರಾಯ್ತಿ, ಒಪ್ಪಿದೆ. ಆದರೆ ನೀನೀಗ ಎರಡು ಜೀವದವಳು, ಒಳಗಿನದು ಬೆಳೆಯಲು ಆ ಹಾರ್ಮೋನು ನಿನ್ನಿಂದಲೇ ಹೋಗಬೇಕು. ಕಾರ್ಡು ಕೈ ಸೇರಿದ ಮರುಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಶುರುಮಾಡು.

ನಿನ್ನ ಮೂರು ತಿಂಗಳ ಪುಟಾಣಿ ಇನ್ನೂ ಚೀಲದಲ್ಲೇ ಇದೆ.

ಜಾಗ ಮುಗಿಯಿತು,
ನಿನ್ನ ತಂಗಿ