ಮೊದಲ ತುತ್ತು

ಪಾಣೆಮಂಗಳೂರು,
ಜುಲೈ ೧೯೬೧

ಪೂವಮ್ಮಕ್ಕಾ,

ನೀವು ನಾರಾವಿಯ ತಮ್ಮನ ಮನೆಯಲ್ಲಿ ತೀರಿಕೊಂಡ ಸುದ್ದಿ ಹೋದ ವರ್ಷವೇ ಬಂದಿತ್ತು. ಆದರೂ ಹೇಳಬೇಕು. ನೀವು ಅಡುಗೆಗಿದ್ದ ಈ ಬೋರ್ಡಿಂಗಿನಲ್ಲಿ ಶಂಭು ಸತ್ತದ್ದು ನಿಮ್ಮ ಅಡುಗೆಯಿಂದಲ್ಲ.

ಇವತ್ತು ಬೆಳಿಗ್ಗೆ, ಶಂಭು ಸತ್ತ ಅದೇ ಮೂಲೆಕೋಣೆಯಲ್ಲಿ ಜತ್ತಪ್ಪ ಎಚ್ಚರ ತಪ್ಪಿ ಬಿದ್ದಿದ್ದ. ಇವನೂ ಶಂಭುವಿನ ಹಾಗೆ ಕಟ್ಟಿದ ಬೀಡಿ ಸಂಗ್ರಹಿಸುವ ಬ್ರಾಂಚಿನವನು. ಮಳೆಗೆ ಮೆತ್ತಗಾದ ಬೀಡಿ ಒಣಗಲೆಂದು ಕೆಂಡದ ಬಾಣಲೆ ಇಟ್ಟು, ಕಿಟಕಿ ಬಾಗಿಲು ಮುಚ್ಚಿ ಮಲಗಿದ್ದನಂತೆ. ಬಾಗಿಲು ಒಡೆದು ಹೊರಗೆ ಎಳೆದ ಮೇಲೆ ಕಣ್ಣು ಬಿಟ್ಟ.

"ಕೆಂಡದಿಂದ ಕೋಣೆಯ ಗಾಳಿಯೇ ವಿಷ ಆಗ್ತದೆ ಮಾರಾಯ್ರೆ, ವಾಸನೆ ಸಹ ಗೊತ್ತಾಗುವುದಿಲ್ಲ," ಎಂದರು ಅವನನ್ನು ನೋಡಲು ಬಂದ ಡಾಕ್ಟರು. "ಆವತ್ತು ಶಂಭುವಿನ ಕೋಣೆಯಲ್ಲಿಯೂ ಕೆಂಡ ಇತ್ತಾ?"

ಬೋರ್ಡಿಂಗಿನ ಯಜಮಾನ ತುಕ್ರಪ್ಪಣ್ಣ, "ಬೂದಿ ಇತ್ತು. ನಾನೇ ಗುಡಿಸಿ ಬಿಸಾಡಿದ್ದೆ," ಎಂದರು.

ಅಷ್ಟೇ. ಯಾರೂ ನಿಮ್ಮ ಹೆಸರು ಎತ್ತಲಿಲ್ಲ.

ಶಂಭು ಸತ್ತ ಮೇಲೆ, ಬಡಿಸುವ ಮೊದಲು ನೀವೇ ಒಂದು ತುತ್ತು ತಿಂದು ತೋರಿಸಬೇಕೆಂದು ಇಲ್ಲಿಯವರು ಹಟ ಹಿಡಿದರಲ್ಲ. ಎಲ್ಲರೂ ಉಂಡೆದ್ದ ಮೇಲೆಯೇ ಉಣ್ಣುತ್ತಿದ್ದವರು ನೀವು. ಪಂಕ್ತಿಯ ಎದುರು ನಿಂತು, ನನ್ನ ಕಡೆಗೇ ನೋಡುತ್ತ ನುಂಗುತ್ತಿದ್ದಿರಿ. ಅದಕ್ಕೂ ಮೊದಲು ನನಗೆ ಜ್ವರ ಬಂದಾಗ ಹದಿನೈದು ದಿನ ಗಂಜಿ ಕುಡಿಸಿದ್ದೂ ನೀವೇ. ಆದರೂ ಪಂಕ್ತಿಯಲ್ಲಿ ನಾನು ಬೇಡವೆನ್ನದೆ ತಲೆ ತಗ್ಗಿಸಿ, ನೀರು ಚಿಮುಕಿಸಿ ಎಲೆ ಒರೆಸುತ್ತಿದ್ದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತವರೆಲ್ಲ ಉಂಡು ಎದ್ದು ಹೋದರು. ನಾನು ಇನ್ನೂ ಎಲೆ ಒರೆಸುತ್ತಲೇ ಇದ್ದೆ.

ಸುಧಾಕರ ಮಾಸ್ಟ್ರು