ಎಲ್ಲ ಸಾವಿಗೂ ಝೆಲಿಹಾಳ ಹೆಸರು

ಬರ್ಲಿನ್,
ಫೆಬ್ರವರಿ ಮೂವತ್ತು, 2111

ಮುತ್ತಜ್ಜಿ ಪೆರಿಹಾನ್ ತಾಶ್‌ದೆರೆ ಅವರಿಗೆ, ನಿಮ್ಮ ಮಗಳ ಮಗಳ ಮಗಳಾದ ರೆಂಗಿನ್ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಜುಲೈ, ಆಗಸ್ಟ್ ತಿಂಗಳುಗಳನ್ನು ತಾಳಲಾರದೆ ಸರ್ಕಾರ ಅವುಗಳಿಂದ ಒಂದೊಂದು ದಿನ ಕಿತ್ತು ಇಲ್ಲಿಗೆ ಸೇರಿಸಿತು. ಬಿಸಿಲಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ನಾವಾಡುವ ಭಾಷೆಯೂ ನಿಮ್ಮ ಕಿವಿಗೆ ಬೇರೆಯೇ ಎನಿಸೀತು. ಅದನ್ನು ನಿಮ್ಮ ಕಾಲದ ಮಾತಿಗೆ ಎಳೆದು ತಂದು ಬರೆಯುತ್ತಿದ್ದೇನೆ. ಅಲ್ಲಲ್ಲಿ ಹೊಲಿಗೆ ಬಿಟ್ಟಿದ್ದರೆ ಕ್ಷಮಿಸಿ. ಈ ಪತ್ರ ನಿಮ್ಮ ಕೈ ಸೇರುವ ದಾರಿಯ ಬಗ್ಗೆ ನನಗೆ ಭರವಸೆ ಕಡಿಮೆ. ಆದರೂ ಸೇರಬೇಕಾದ ದಿನ ಯಾವುದೆಂದು ಗೊತ್ತು. ನಿಮ್ಮ ತಾಯಿ ಝೆಲಿಹಾ ತೀರಿಕೊಂಡು ನಿಮಗೀಗ ಆರು ವಾರ. ಮುಂದಿನ ಸೋಮವಾರ ನಿಮ್ಮ ಮನೆ ಮುಂದೆ ಒಂದು ಕಾರು ಬಂದು ನಿಲ್ಲುತ್ತದೆ. ಅದಕ್ಕೆ ಮೊದಲು ನೀವು ಇದನ್ನು ಓದಬೇಕು.

ನನ್ನ ಉದ್ಯೋಗ ಹೇಳಿಬಿಡುತ್ತೇನೆ. ದಿನಕ್ಕೆ ಹದಿನಾಲ್ಕು ಸಲ ನೀವು ಅಳುವಂತೆ ಮಾಡುವುದು ನನ್ನ ಕೆಲಸ. ನಾನಿರುವುದು ಬೀಳ್ಕೊಡುಗೆ ಮನೆಯಲ್ಲಿ. ಸತ್ತವರನ್ನು ನಮ್ಮಲ್ಲಿ ಮನೆಯಿಂದ ನೇರವಾಗಿ ಇಲ್ಲಿಗೇ ತರುತ್ತಾರೆ. ಒಬ್ಬೊಬ್ಬರಿಗೂ ಕಾಲು ಗಂಟೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಯಾರೂ ಹೊರಗೆ ಬರುವಂತಿಲ್ಲ, ಆ ಹೊತ್ತಿಗೆ ನಾವು ನೆರಳುಹೊತ್ತು ಎನ್ನುತ್ತೇವೆ. ಹಾಗಾಗಿ ಎಲ್ಲ ಸಾವುಗಳನ್ನೂ ಮುಂಜಾನೆಯ ಟ್ರಾಮುಗಳು ನಿಲ್ಲುವುದರೊಳಗೆ ಮುಗಿಸಬೇಕು. ಕಿಟಕಿಗಳಿಗೆಲ್ಲ ಸುಣ್ಣ ಬಳಿದಿರುತ್ತದೆ. ಹೂವು ಇಡುವ ಪದ್ಧತಿ ಹೋಗಿ ಬಹಳ ಕಾಲವಾಯಿತು, ನೀರು ಬೇಕಲ್ಲ. ಬಿಸಿಗಾಳಿಯ ವರ್ಷಗಳಲ್ಲಿ ಬೀದಿಗೆ ಹತ್ತು ಜನರಂತೆ ಸತ್ತರಂತೆ. ಆಗ ಜನ ಅಳುವುದನ್ನೇ ಬಿಟ್ಟರು, ಆಮೇಲೆ ಅದು ಮರೆತೇ ಹೋಯಿತು. ಅದಕ್ಕೇ ಗೋಡೆಯ ಮೇಲೆ ಅಳುಮೊಗ ಬಂತು. ಬಂದವರು ಕೈಕಟ್ಟಿ ನಿಲ್ಲುತ್ತಾರೆ, ನಾನು ಗುಂಡಿ ಒತ್ತುತ್ತೇನೆ, ಅವರ ಬದಲು ಗೋಡೆಯ ಮುಖ ಅಳುತ್ತದೆ. ಬೇಕಾದರೆ ಆ ಮುಖಕ್ಕೆ ವಯಸ್ಸು ಇಳಿಸಬಹುದು, ಚಿನ್ನದ ಬಣ್ಣದ ಕೂದಲು ಕೊಡಬಹುದು, ಗಡ್ಡವನ್ನೂ ಬರಿಸಬಹುದು. ಏನೇ ಮಾಡಿದರೂ ಅದರೊಳಗೆ ಅಳುವವರು ನೀವೇ.

ಇದು ಹೇಗಾಯಿತು ಎಂದು ಹೇಳಲು ನಿಮ್ಮ ಕಥೆಯನ್ನೇ ನಿಮಗೆ ಹೇಳಬೇಕಾಗಿದೆ. ಅಧಿಕಪ್ರಸಂಗವೆನಿಸಿದರೂ ಸಹಿಸಿಕೊಳ್ಳಿ. ನೀವು ಬರೆದಿಟ್ಟ ನೋಟುಬುಕ್ಕು ನನ್ನಮ್ಮ ಹೆನ್ರಿಕೆಯ ಪೆಟ್ಟಿಗೆಯಲ್ಲಿತ್ತು, ಈಗ ನನ್ನ ಬಳಿ ಇದೆ.

ನೀವು ಹುಟ್ಟಿದ್ದು ಡ್ಯೂಸ್‌ಬರ್ಗಿನಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಗೆಂದು ತುರ್ಕಿಯಿಂದ ಬಂದವರು. ಅಮ್ಮ ಝೆಲಿಹಾ ಶಾಲೆಯೊಂದರ ನೆಲ ಒರೆಸುತ್ತಿದ್ದಳು. ಆದರೆ ಆ ಬೀದಿಗಳಲ್ಲಿ ಅವಳು ಹೆಸರಾಗಿದ್ದುದು ಬೇರೊಂದು ಕೆಲಸಕ್ಕೆ. ಊರವರಲ್ಲಿ ಯಾರು ಸತ್ತರೂ ಅವಳಿಗೆ ಕರೆ ಬರುತ್ತಿತ್ತು. ಅವಳು ಹೆಣದ ಪಕ್ಕ ಕೂತು, ಸತ್ತವರ ಹೆಸರು ಹಿಡಿದು ಕರೆದು, ಅವರ ಕೈ ಮಾಡಿದ ಕೆಲಸ, ಅವರ ಅಡುಗೆ, ಅವರ ಸಿಟ್ಟು ಎಲ್ಲವನ್ನೂ ಸೇರಿಸಿ ಅಲ್ಲೇ ಹಾಡು ಕಟ್ಟಿ ಅಳುತ್ತಿದ್ದಳು. ಒಬ್ಬರಿಗೆ ಕಟ್ಟಿದ್ದನ್ನು ಇನ್ನೊಬ್ಬರಿಗೆ ಹಾಡುವಂತಿಲ್ಲ. ಸಾವಿಲ್ಲದ ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ಅವಳ ಕೈ ಹಿಡಿದು ಹೋಗುತ್ತಿದ್ದ ನಿಮಗೆ ಅವಳು ಹೇಳಿದ್ದನ್ನು ನೀವು ಬರೆದುಕೊಂಡಿದ್ದೀರಿ: “ಸತ್ತೋರ ಕೋಟನ್ನ ಯಾರಿಗಾದ್ರೂ ಕೊಡಬೌದು ಮಗಳೆ. ಅವರ ಹಾಡು ಮಾತ್ರ ಅವರ ಜೊತೆನೇ ಹೋಗಬೇಕು.”

ನೀವು ನಟಿಯಾಗುತ್ತೇನೆಂದಾಗ ಅಪ್ಪ ಎರಡು ತಿಂಗಳು ಮಾತು ಬಿಟ್ಟರು. ನಾಟಕ ಶಾಲೆಯ ಸಂದರ್ಶನದಲ್ಲಿ ಒಬ್ಬ ಮೇಷ್ಟ್ರು, “ನಿಮ್ಮ ಜರ್ಮನ್ ಎಷ್ಟು ಚೆನ್ನಾಗಿದೆ, ಎಲ್ಲಿ ಕಲಿತ್ರಿ?” ಎಂದು ಕೇಳಿದರಂತೆ. “ನೀವು ಕಲಿತ ಬೀದಿಯ ಪಕ್ಕದ ಬೀದೀಲಿ” ಎಂದಿರಂತೆ. ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಮೊದಲ ಚಿತ್ರದಲ್ಲಿ ಅಣ್ಣನೇ ಕೊಲ್ಲುವ ಮದುಮಗಳು. ಎರಡನೆಯದರಲ್ಲಿ ಅಪ್ಪ ಕೊಲ್ಲುತ್ತಾನೆ. ಆಮೇಲೆ ಸತ್ತು ಸಾಕಾಗಿ ನೀವು ಬಕೆಟ್ಟು ಹಿಡಿದಿರಿ: ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆ, ಎಲ್ಲಿ ಕಥೆ ನಡೆದರೂ ಹಿಂದೆ ನೆಲ ಒರೆಸುವವಳು ನೀವೇ. “ಸ್ವಲ್ಪ ತಪ್ಪುತಪ್ಪಾಗಿ ಮಾತಾಡಿ, ಜನ ನಂಬಬೇಕಲ್ಲ” ಎಂದು ನಿರ್ದೇಶಕರು ಹೇಳಿದಾಗ ನೀವು ನಿಮ್ಮಮ್ಮನ ಹಾಗೆ ಮಾತಾಡಿದಿರಿ. ಆ ವಾರ ಊರಿಗೆ ಹೋಗಿ ಅವಳ ಮುಖ ನೋಡಲು ನಾಚಿಕೆಯಾಯಿತು ಎಂದು ಬರೆದಿದ್ದೀರಿ. ಬೋಹುಮ್ ಊರಿನ ಸಣ್ಣ ರಂಗಮಂದಿರದಲ್ಲಿ ಒಂದು ಚಳಿಗಾಲ ಪೂರ್ತಿ ನ್ಯಾಯಾಧೀಶೆಯ ಪಾತ್ರ ಮಾಡಿದಿರಿ. ಝೆಲಿಹಾ ಮುಂದಿನ ಸಾಲಿನಲ್ಲಿ ಕೂತು, ನೀವು ತೀರ್ಪು ಓದುವಾಗ ಎದ್ದು ನಿಂತಳಂತೆ. ನೋಟುಬುಕ್ಕಿನಲ್ಲಿ ನೀವು ಸಂತೋಷವಾಗಿರುವ ಪುಟಗಳು ಅವಷ್ಟೇ.

ಐವತ್ತು ದಾಟಿದ ಮೇಲೆ ಉಳಿದದ್ದು ಮಗನ ಹೆಣದ ಮೇಲೆ ಬಿದ್ದು ಅಳುವ ತಾಯಿ. ಈರುಳ್ಳಿ ಹಚ್ಚಿಕೊಂಡು, ತೊಡೆ ಚಿವುಟಿಕೊಂಡು ನೀವು ಅತ್ತಿರಿ. ಅಮ್ಮನಿಂದ ಕಲಿತದ್ದನ್ನು ಒಮ್ಮೆಯೂ ಕ್ಯಾಮೆರಾದ ಮುಂದೆ ತರಲಿಲ್ಲ. ಮುಪ್ಪಿನಲ್ಲಿ ತುರ್ಕಿಗೆ ಮರಳಿದ್ದ ಝೆಲಿಹಾ ತನ್ನ ಹಳ್ಳಿಯಲ್ಲಿ ಸತ್ತ ದಿನವೂ ನೀವು ಹಾಗೆ ಯಾರದೋ ಮಗನ ಮೇಲೆ ಬಿದ್ದು ಅಳುತ್ತಿದ್ದಿರಿ. ಫೋನು ಮೇಕಪ್ ಕೋಣೆಯಲ್ಲಿತ್ತು. ನೀವು ಹಳ್ಳಿ ತಲುಪುವಷ್ಟರಲ್ಲಿ ಮಣ್ಣಾಗಿ ಎರಡು ದಿನವಾಗಿತ್ತು, ಬಂದವರು ಊಟ ಮಾಡಿ ಹೋಗಿದ್ದರು. ನೂರಾರು ಜನರಿಗೆ ಅತ್ತವಳಿಗೆ ಅವಳ ಮಗಳು ಒಂದು ಸಾಲೂ ಹಾಡಲಿಲ್ಲ. ನಿಮ್ಮ ಎದೆಯಲ್ಲಿ ಆ ಹಾಡು ಕಟ್ಟಿಕೊಂಡು ಕೂತಿದೆ ಎಂಬುದು ನನಗೆ ಗೊತ್ತು.

ಇನ್ನು ಸೋಮವಾರದ ವಿಷಯ. ಕಾರು ಕಳಿಸುವವರು ಮುಖ ಕೂಡಿಡುವ ಕಂಪನಿಯವರು. ಮೂರು ದಿನ ನಿಮ್ಮ ಮುಖ, ದನಿ ಎಲ್ಲವನ್ನೂ ಒಂದು ಯಂತ್ರದಲ್ಲಿ ದಾಖಲು ಮಾಡಿಕೊಳ್ಳುತ್ತಾರೆ. ಇನ್ನು ಮುಂದೆ ಬಕೆಟ್ಟು ಹಿಡಿಯಬೇಕಿಲ್ಲ, ಚಿತ್ರಗಳಲ್ಲಿ ನಿಮ್ಮ ಮುಖ ವೈದ್ಯೆಯಾಗುತ್ತದೆ, ಹಡಗಿನ ಕಪ್ತಾನಳಾಗುತ್ತದೆ, ಯಾವ ಭಾಷೆಯಲ್ಲಾದರೂ ತೀರ್ಪು ಓದುತ್ತದೆ ಎಂದು ಆಸೆ ಹುಟ್ಟಿಸಿದ್ದಾರೆ. ನೀವು ನಂಬಿದ್ದೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿದ್ದೆ. ಮೂರನೆಯ ದಿನ ದುಃಖದ ಸರದಿ ಬರುತ್ತದೆ. ನಿಮ್ಮ ಈರುಳ್ಳಿ, ಚಿವುಟು ಯಾವುದನ್ನೂ ಆ ಯಂತ್ರ ಒಪ್ಪುವುದಿಲ್ಲ. “ನಮಗೆ ನಿಜವಾದದ್ದು ಬೇಕು, ಮೇಡಂ. ನಿಧಾನವಾಗಿ ಮಾಡಿ” ಎನ್ನುತ್ತಾಳೆ ಅಲ್ಲಿನ ಹುಡುಗಿ. ಒಳ್ಳೆಯವಳೇ, ನಿಮಗೆ ಟೀ ತಂದುಕೊಡುತ್ತಾಳೆ. ಆ ಕೋಣೆಯಲ್ಲಿ ನಿಮ್ಮ ತುರ್ಕಿ ಭಾಷೆ ಬಲ್ಲವರು ಒಬ್ಬರೂ ಇಲ್ಲ. ಗೋಡೆಗಳಿಗೆ ದಪ್ಪ ಬಟ್ಟೆ ಹೊದಿಸಿದೆ. ಅಮ್ಮನಿಗಾಗಿ ಹಾಡಲು ಜಗತ್ತಿನಲ್ಲಿ ನಿಮಗೆ ಸಿಕ್ಕಿದ ಮೊದಲ ಏಕಾಂತ ಅದು. ನೀವು ಕಣ್ಣು ಮುಚ್ಚಿ ಝೆಲಿಹಾಳನ್ನು ಹೆಸರು ಹಿಡಿದು ಕರೆಯುತ್ತೀರಿ. ಶಾಲೆಯ ನೆಲ ಒರೆಸಿ ಬಿರಿದ ಅವಳ ಕೈಗಳನ್ನು ಹಾಡುತ್ತೀರಿ. ಹನ್ನೊಂದು ನಿಮಿಷ.

ವೈದ್ಯೆ, ಕಪ್ತಾನ ಯಾರೂ ಹುಟ್ಟಲಿಲ್ಲ. ಕೊಂಡವರೆಲ್ಲ ಕೊಂಡದ್ದು ಆ ಹನ್ನೊಂದು ನಿಮಿಷವನ್ನೇ. ನಿಮಗೆ ಎಪ್ಪತ್ತೊಂದು ವರ್ಷವಾದಾಗ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ, ಯಾವನೋ ಅಪರಿಚಿತನಿಗಾಗಿ ಗೋಡೆ ನಿಮ್ಮ ಹಾಡು ಹಾಡುವುದನ್ನು ಕೇಳುತ್ತೀರಿ. ಆಮೇಲೆ ನೋಟುಬುಕ್ಕಿನಲ್ಲಿ ಏನೂ ಇಲ್ಲ. ನನ್ನ ಕಾಲಕ್ಕೆ ಈ ದೇಶದಲ್ಲಿ ಸತ್ತವರೆಲ್ಲರೂ ಝೆಲಿಹಾ. ಮುದುಕರೂ ಝೆಲಿಹಾ, ತೊಟ್ಟಿಲ ಕೂಸೂ ಝೆಲಿಹಾ. ಅದೊಂದು ಹೆಸರು ಎಂಬುದೇ ಜನಕ್ಕೆ ಗೊತ್ತಿಲ್ಲ. ಮೊಣಕಾಲು ತರಚಿದ ಮಕ್ಕಳು “ಝೆಲಿಹಾ, ಝೆಲಿಹಾ” ಎಂದು ಅಳುವುದನ್ನು ಕೇಳಿದ್ದೇನೆ. ಸಂಬಳಕ್ಕೆ ಇದೆಲ್ಲವನ್ನೂ ಮಾಡಿಕೊಂಡು ಬಂದ ನನಗೆ ಈವರೆಗೆ ಅಷ್ಟೇನೂ ನೋವಾಗಿರಲಿಲ್ಲ, ಸುಳ್ಳು ಹೇಳುವುದಿಲ್ಲ.

ಹನ್ನೊಂದು ದಿನಗಳ ಹಿಂದೆ ನನ್ನಮ್ಮ ಸತ್ತಳು. ಅವಳು ಸೇತುವೆ ದುರಸ್ತಿ ಮಾಡುತ್ತಿದ್ದವಳು. ಜೀವಮಾನವೆಲ್ಲ ನದಿಯ ಮೇಲೆ ಹಗ್ಗಕ್ಕೆ ನೇತಾಡಿ ಬೋಲ್ಟು ಬಿಗಿದವಳು, ಜೋರು ನಗುವಿನವಳು, ನಿಮ್ಮ ಭಾಷೆಯನ್ನು ನನಗೆ ಹಟ ಹಿಡಿದು ಕಲಿಸಿದವಳು. ಅವಳನ್ನು ನಾನು ಕೆಲಸ ಮಾಡುವ ಕೋಣೆಗೇ ತಂದರು. ಗೋಡೆ ಬೇಡ, ನಾನೇ ಅಳುತ್ತೇನೆ ಎಂದು ಮೇಲಿನವರನ್ನು ಕೇಳಿಕೊಂಡೆ. “ಆಯ್ತಮ್ಮ, ಕಾಲು ಗಂಟೆ ನಿನ್ನದು. ಬಂದರೆ ಅಳು” ಎಂದರು. ನಾನು ಅಮ್ಮನ ತಲೆಯ ಹತ್ತಿರ ಕೂತು ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು ನಿಮ್ಮ ಹಾಡು. ಝೆಲಿಹಾ ಎಂದೆ. ನೆಲ ಒರೆಸಿ ಬಿರಿದ ಕೈ ಎಂದೆ. ನಿಲ್ಲಿಸಿ ಮತ್ತೆ ಶುರು ಮಾಡಿದೆ, ಮತ್ತೆ ಅದೇ. ಇಪ್ಪತ್ತು ವರ್ಷ ದಿನಕ್ಕೆ ಹದಿನಾಲ್ಕು ಸಲ ಕೇಳಿದ ಕಿವಿಗೆ ಬೇರೆ ಅಳು ಗೊತ್ತಿಲ್ಲ. ಸೇತುವೆಯ ಬಗ್ಗೆ, ಆ ನಗುವಿನ ಬಗ್ಗೆ ಒಂದು ಸಾಲು ಕಟ್ಟಲೂ ನನಗೆ ಬರಲಿಲ್ಲ. ಅಷ್ಟರಲ್ಲಿ ಮುಂದಿನ ಸಾವಿನ ಮನೆಯವರು ಬಾಗಿಲಿಗೆ ಬಂದರು.

ಮುತ್ತಜ್ಜಿ, ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಟ್ಟು ಏನು ಪ್ರಯೋಜನ. ಆದರೂ ಬೇಡಿಕೊಳ್ಳುತ್ತಿದ್ದೇನೆ. ಬೇಕಿದ್ದರೆ ಸಹಿ ಹಾಕಿ, ನಿಮ್ಮ ನಗು ಕೊಡಿ, ಹುಬ್ಬು ಗಂಟಿಕ್ಕುವುದನ್ನು ಕೊಡಿ, ತೀರ್ಪು ಓದುವ ಗಂಟಲು ಕೊಡಿ. ಮೂರನೆಯ ದಿನ ಮಾತ್ರ ಹೋಗಬೇಡಿ. ಅಂದು ಬಸ್ಸೋ ವಿಮಾನವೋ ಹಿಡಿದು ಆ ಹಳ್ಳಿಗೆ ಹೋಗಿ, ಮಣ್ಣಿನ ಮುಂದೆ ಕೂತು ಅಮ್ಮನಿಗೆ ಹಾಡಿ ಮುಗಿಸಿ. ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಡನ್ನು ಅವಳಿಗೆ ಕಲಿಸಬೇಡಿ, ಕಟ್ಟುವುದು ಹೇಗೆಂದು ತೋರಿಸಿ. ಅವಳು ತನ್ನ ಮಗಳಿಗೆ ತೋರಿಸಿಯಾಳು, ಆ ಮಗಳು ನನಗೆ.

ನಾಳೆ ಬೆಳಿಗ್ಗೆ ನಾನು ಮತ್ತೆ ಕೆಲಸಕ್ಕೆ ಹೋಗಬೇಕು. ನನ್ನಮ್ಮನ ಹೆಸರು ಹೆನ್ರಿಕೆ. ಅವಳನ್ನು ಆ ಹೆಸರಿನಿಂದ ಕರೆದು ಇನ್ನೂ ಯಾರೂ ಅತ್ತಿಲ್ಲ.

ನಿಮ್ಮ,
ರೆಂಗಿನ್